ಟೈರೀ ದ್ವೀಪದಲ್ಲಿ ರಾತ್ರಿ ಹಾಜರಿ

ಗುರುವಾರ

ಕಾರ್ನ್‌ಕ್ರೇಕ್ ಎಂಬ ಹಕ್ಕಿಯನ್ನು ನೋಡಲೆಂದು ಟೈರೀಗೆ ಹೋದವರು ಸಾಮಾನ್ಯವಾಗಿ ಅದರ ಕೂಗನ್ನಷ್ಟೇ ಕೇಳಿಕೊಂಡು ವಾಪಸಾಗುತ್ತಾರೆ. ನಾವು ಹೊರಟದ್ದೇ ಕೇಳುವುದಕ್ಕೆ. ಹಕ್ಕಿ ಗಣತಿಯನ್ನೇ ವೃತ್ತಿಯಾಗಿಸಿಕೊಂಡಿರುವ ಗ್ಲ್ಯಾಸ್ಗೋದ ಗೆಳತಿಯೊಬ್ಬಳಿಗೆ ಜೂನ್ ತಿಂಗಳ ಎರಡನೇ ಸುತ್ತಿನ ಎಣಿಕೆಗೆ ರಾತ್ರಿ ಕಾರು ಓಡಿಸುವವರು ಬೇಕಿದ್ದರು. ನನಗೆ ರಜೆ ಬಾಕಿ ಇತ್ತು. ಸಾಗರದ ಹತ್ತಿರದ ನಮ್ಮ ಊರಿನಿಂದ ಬಂದು, ನನ್ನ ಫ್ಲ್ಯಾಟಿನ ಕಿಟಕಿಯಲ್ಲಿ ಮಳೆ ನೋಡುತ್ತ ಕುಳಿತಿದ್ದ ಅಪ್ಪನಿಗೆ ಎಲ್ಲಿಗಾದರೂ ಹೊರಟರೆ ಸಾಕಾಗಿತ್ತು. "ಮಳೆ ನೋಡುವುದಕ್ಕೆ ಮಲೆನಾಡು ಬಿಟ್ಟು ಬರಬೇಕಿತ್ತೇ ಮಗಳೇ?" ಎಂದು ಆಗಲೇ ಕೇಳಿಯಾಗಿತ್ತು.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಓಬನ್ ಬಂದರಿನಿಂದ ಟೈರೀಗೆ ಹಡಗಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಮಲ್ ದ್ವೀಪದ ಪಕ್ಕದ ಜಲಸಂಧಿ ದಾಟುವವರೆಗೆ ಎರಡೂ ಬದಿಯಲ್ಲಿ ಬೆಟ್ಟಗಳು ಜೊತೆಗಿದ್ದವು. ಆಮೇಲೆ ಬಯಲು ಸಮುದ್ರ. ನೆರೆಯ ಕಾಲ್ ದ್ವೀಪದಲ್ಲಿ ಒಂದಷ್ಟು ಜನ, ಒಂದಷ್ಟು ಕುರಿ ಇಳಿದರು. ಟೈರೀ ಕಣ್ಣಿಗೆ ಬಿದ್ದದ್ದು ತೀರ ಹತ್ತಿರ ಹೋದ ಮೇಲೆ; ಅಷ್ಟು ಚಪ್ಪಟೆಯಾದ ನೆಲ. ಉದ್ದ ಸುಮಾರು 18 ಕಿಲೋಮೀಟರ್, ಅತಿ ಎತ್ತರದ ಗುಡ್ಡ 141 ಮೀಟರ್, ಜನಸಂಖ್ಯೆ 650ರ ಆಸುಪಾಸು. ಅಟ್ಲಾಂಟಿಕ್ ಗಾಳಿಗೆ ಮರಗಳು ನಿಲ್ಲುವುದಿಲ್ಲ. ತೋಟದ ನೆರಳಿನಲ್ಲೇ ಬದುಕು ಕಳೆದ ಅಪ್ಪ ಹಡಗುಕಟ್ಟೆಯಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿ, "ಇಲ್ಲಿ ಹಕ್ಕಿ ಕೂರುವುದೆಲ್ಲಿ?" ಎಂದ. ಕಾರ್ನ್‌ಕ್ರೇಕಿನ ಮಟ್ಟಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಅದು ಕೂರುವುದಿಲ್ಲ, ಹುಲ್ಲಿನೊಳಗೆ ನಡೆಯುತ್ತದೆ.

ನಮ್ಮ ಗದ್ದೆ ಬದಿಯ ಹುಂಡುಕೋಳಿಯ ಕುಟುಂಬಕ್ಕೇ ಸೇರಿದ ಹಕ್ಕಿ ಇದು. ಆದರೆ ಹುಂಡುಕೋಳಿಯ ಬಿಳಿ ಎದೆಯಾಗಲಿ ಧೈರ್ಯವಾಗಲಿ ಇದಕ್ಕಿಲ್ಲ. ಕಂದು ಮೈ, ಬೆನ್ನ ಮೇಲೆ ಕಪ್ಪು ಗೀರುಗಳು, ತಲೆ ತಗ್ಗಿಸಿ ಹುಲ್ಲುಕಡ್ಡಿ ಅಲುಗಿಸದೆ ಓಡುವ ಚಾಳಿ. ಚಳಿಗಾಲವನ್ನು ಸಹರಾದಿಂದ ಕೆಳಗಿನ ಆಫ್ರಿಕಾದಲ್ಲಿ ಕಳೆದು ಏಪ್ರಿಲ್ ನಡುವಿನಿಂದ ಇಲ್ಲಿಗೆ ಬರುತ್ತದೆ. ಬಂದ ಗಂಡು ರಾತ್ರಿಯಿಡೀ ಹೆಣ್ಣನ್ನು ಕೂಗುತ್ತದೆ. ಒಂದೇ ರಾತ್ರಿಯಲ್ಲಿ 20,000 ಸಲ ಕೂಗುವುದುಂಟು. ಎಣಿಸುವವರಿಗೆ ಸಿಗುವುದು ಈ ಕೂಗು ಮಾತ್ರ. ಆದ್ದರಿಂದಲೇ ಬ್ರಿಟನ್ನಿನ ದಾಖಲೆಗಳಲ್ಲಿ ಈ ಹಕ್ಕಿಯ ಸಂಖ್ಯೆ ಎಂದರೆ ಕೂಗುವ ಗಂಡುಗಳ ಸಂಖ್ಯೆ. ಹೆಣ್ಣುಗಳು ಯಾವ ಪಟ್ಟಿಯಲ್ಲೂ ಇಲ್ಲ.

ರಾತ್ರಿ ಹನ್ನೊಂದೂವರೆಗೆ ಹೊರಟೆವು. ಜೂನ್ ನಡುವಿನ ಟೈರೀಯಲ್ಲಿ ಸೂರ್ಯ ಮುಳುಗುವುದು ಹತ್ತರ ಮೇಲೆ. ಮುಳುಗಿದ ಮೇಲೂ ಉತ್ತರದ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಕೆಲಸದ ಕ್ರಮ ಸರಳ. ಒಂದೇ ಕಾರು ಹಿಡಿಸುವ ದಾರಿಗಳಲ್ಲಿ ನಿಧಾನವಾಗಿ ಹೋಗಬೇಕು, ಅಲ್ಲಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು, ಕೆಳಗಿಳಿದು ಸುಮ್ಮನೆ ನಿಲ್ಲಬೇಕು. ಕೂಗು ಕೇಳಿಸಿದರೆ ದಿಕ್ಸೂಚಿ ಹಿಡಿದು ದಿಕ್ಕು ಗುರುತಿಸಬೇಕು. ಮುಂದೆ ಹೋಗಿ ಇನ್ನೊಂದು ಕಡೆಯಿಂದ ಮತ್ತೊಮ್ಮೆ ಗುರುತಿಸಬೇಕು. ನಕ್ಷೆಯ ಮೇಲೆ ಎರಡೂ ಗೆರೆಗಳು ಕೂಡಿದಲ್ಲಿ ಹಕ್ಕಿ. ಹುಲ್ಲಿಗೆ ಕಾಲಿಡುವಂತಿಲ್ಲ. ಮೊಬೈಲಿನಲ್ಲಿ ಕೂಗನ್ನು ನುಡಿಸಿ ಹಕ್ಕಿಯನ್ನು ಕೆಣಕುವಂತೆಯೂ ಇಲ್ಲ. 1981ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ವಿಶೇಷ ರಕ್ಷಣೆಯಿದೆ. ಗೂಡಿನ ಕಾಲದಲ್ಲಿ ಬೇಕೆಂದೇ ತೊಂದರೆ ಕೊಟ್ಟರೆ ಅಪರಾಧ. ಈ ಕಾರಣಕ್ಕಾಗಿಯೇ ನಾವು ನಿಂತ ಹೊಲಗಳ ನಿಜವಾದ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಅಪ್ಪ ಇಟ್ಟ ಹೆಸರುಗಳೇ ಸಾಕು: ಶಾಲೆಯ ಹಿಂದಿನದು, ಕೆಂಪು ಟ್ರ್ಯಾಕ್ಟರಿನದು, ಮುರುಕು ದೋಣಿಯದು.

ಮೊದಲು ಕೇಳಿದ್ದು ಶಾಲೆಯ ಹಿಂದೆ, ಹಳದಿ ಐರಿಸ್ ಹೂವಿನ ಜೌಗಿನಿಂದ. ಕ್ರೆಕ್ಸ್ ಕ್ರೆಕ್ಸ್, ಸ್ವಲ್ಪ ಬಿಡುವು, ಮತ್ತೆ ಕ್ರೆಕ್ಸ್ ಕ್ರೆಕ್ಸ್. ಇಂಪಿನ ಮಾತೇ ಇಲ್ಲ. ಒಣಗಿದ, ಗರಗರ ಎನ್ನುವ, ಯಂತ್ರದಂಥ ಸದ್ದು. ಕಿಲೋಮೀಟರಿನಾಚೆಗೂ ಕೇಳಿಸುವಷ್ಟು ಗಟ್ಟಿ. ಕೂಗುತ್ತಲೇ ಹಕ್ಕಿ ತಲೆ ತಿರುಗಿಸುವುದರಿಂದ ಒಮ್ಮೆ ಕಾಲ ಬಳಿಯೇ ಇದೆ ಅನಿಸುತ್ತದೆ, ಮರುಕ್ಷಣ ಬೇಲಿಯಾಚೆ. ಅಪ್ಪ ಕಿವಿಯ ಹಿಂದೆ ಅಂಗೈ ಹಿಡಿದು ನಿಂತ. ಗೆಳತಿ ಉದ್ದನೆಯ ದಿಕ್ಕುಗ್ರಾಹಿ ಮೈಕನ್ನು ಜೌಗಿನ ಕಡೆ ಚಾಚಿ, ಕೂಗಿನ ನೂರಾರು ಆವೃತ್ತಿಗಳನ್ನು ಧ್ವನಿಮುದ್ರಿಸಿಕೊಂಡಳು. ಕೂಗಿನ ಜಾಗ ನಕ್ಷೆಯಲ್ಲಿ ಗುರುತಾದ ಮೇಲೂ ಯಾಕಿಷ್ಟು ಹೊತ್ತು ಎಂದು ಅಪ್ಪ ಕೇಳಿದ್ದಕ್ಕೆ, "ಇಲ್ಲಿ ಒಬ್ಬ ಇದ್ದಾನೆ ಎಂದು ಗೊತ್ತಾಯಿತು. ಯಾರು ಎಂದು ಗೊತ್ತಾಗಲಿಲ್ಲವಲ್ಲ" ಎಂದಳು.

ಬೆಳಗಿನ ಮೂರಕ್ಕೆ ಎಣಿಕೆಯ ಹೊತ್ತು ಮುಗಿಯಿತು. ಅಷ್ಟರಲ್ಲಾಗಲೇ ಟಿಟ್ಟಿಭಗಳು ಎದ್ದು ಜಗಳ ತೆಗೆದಿದ್ದವು.

ಶುಕ್ರವಾರ

ಮಧ್ಯಾಹ್ನದವರೆಗೆ ನಿದ್ದೆ. ಅಪ್ಪ ಮಾತ್ರ ಎಂಟಕ್ಕೇ ಎದ್ದು ಮನೆಯೊಡತಿಗೆ ಅವಲಕ್ಕಿ ಒಗ್ಗರಣೆಯ ರುಚಿ ತೋರಿಸಿದ್ದ.

ಊಟವಾದ ಮೇಲೆ ಗೆಳತಿ ಲ್ಯಾಪ್‌ಟಾಪ್ ತೆರೆದು ಒಂದು ಕೂಗನ್ನು ಅಗಲವಾಗಿ ಹಿಗ್ಗಿಸಿ ತೋರಿಸಿದಳು. ಕಿವಿಗೆ ಒಂದೇ ಗೀರಿನಂತೆ ಕೇಳುವ 'ಕ್ರೆಕ್ಸ್' ಅಲ್ಲಿ ಸಾಲಾಗಿ ನಿಂತ ಸಣ್ಣ ಸಣ್ಣ ಮಿಡಿತಗಳಾಗಿ ಒಡೆದುಕೊಂಡಿತ್ತು. ಮಿಡಿತದಿಂದ ಮಿಡಿತಕ್ಕೆ ಕೆಲವೇ ಮಿಲಿಸೆಕೆಂಡುಗಳ ಅಂತರ. ಆ ಅಂತರಗಳು ಸಮವಲ್ಲ. ಒಂದು ಹಕ್ಕಿಯಲ್ಲಿ ಮೊದಲ ಮಿಡಿತಗಳು ಬಿಡಿಬಿಡಿಯಾಗಿದ್ದು ಕೊನೆಯವು ಒತ್ತೊತ್ತಾಗಿ ಬೀಳುತ್ತವೆ. ಇನ್ನೊಂದರಲ್ಲಿ ನಡುವೆ ಎಲ್ಲೋ ಒಂದು ಅಂತರ ಮಾತ್ರ ಉದ್ದ. ಬೇಕಾದದ್ದು ಇದು: ಒಂದೇ ಹಕ್ಕಿ ಸಾವಿರ ಸಲ ಕೂಗಿದರೂ ಈ ಅಂತರಗಳ ಏರಿಳಿತ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಪಕ್ಕದ ಹಕ್ಕಿಯದರ ಜೊತೆ ಕೂಡಿಬರುವುದಿಲ್ಲ. ಟಾಮ್ ಪೀಕ್, ಪೀಟರ್ ಮೆಕ್‌ಗ್ರೆಗರ್ ಮತ್ತು ಅವರ ಸಂಗಡಿಗರು 1998ರಲ್ಲಿ ಇದನ್ನು ಅಳೆದು ತೋರಿಸಿದರು. ನಮ್ಮ ಕಿವಿಗೆ ಈ ಮಿಲಿಸೆಕೆಂಡುಗಳ ವ್ಯತ್ಯಾಸ ದಕ್ಕುವುದಿಲ್ಲ. ಇಪ್ಪತ್ತು ವರ್ಷ ಈ ಹಕ್ಕಿಯನ್ನೇ ಕೇಳಿದವರೂ ಎರಡು ಗಂಡುಗಳನ್ನು ಬರಿಗಿವಿಯಿಂದ ಬೇರ್ಪಡಿಸುತ್ತೇವೆಂದು ಎದೆ ತಟ್ಟಿ ಹೇಳಲಾರರು.

ಅಪ್ಪ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿಕೊಂಡು ನೋಡಿದ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಸಂಖ್ಯೆ ಇದ್ದಲ್ಲಿ ಅವನಿಗೆ ಭಾಷೆ ಅಡ್ಡಿಯಾಗುವುದಿಲ್ಲ. "ಇದು ಹಾಜರಿ ಕೂಗಿದ ಹಾಗೆ," ಎಂದ. "ಹಿಂದಿನ ಬೆಂಚಿನಲ್ಲಿ ಒಬ್ಬ ಗೈರುಹಾಜರಾದರೆ ಪಕ್ಕದವನು ತಲೆ ಬಗ್ಗಿಸಿ 'ಬಂದಿದ್ದೇನೆ ಸರ್' ಎನ್ನುತ್ತಿದ್ದ. ಬರೀ ಉತ್ತರ ಎಣಿಸಿದರೆ ಹಾಜರಿ ಸರಿಯಿದೆ. ದನಿ ಗೊತ್ತಿದ್ದರೆ ಮಾತ್ರ ಕಳ್ಳ ಸಿಗುತ್ತಾನೆ." ನಾನು ಅನುವಾದಿಸಿ ಹೇಳಿದಾಗ ಗೆಳತಿ ನಕ್ಕಳು. ಆಮೇಲೆ ಮೂರು ರಾತ್ರಿಯೂ ಅವರಿಬ್ಬರ ನಡುವೆ ಆ ಮಾತೇ ನಡೆಯಿತು: ಇವತ್ತು ಯಾರ ಹಾಜರಿ ಯಾರು ಹೇಳುತ್ತಿದ್ದಾರೆ?

ಗೆಳತಿಯ ಬಳಿ ಮೊದಲ ಸುತ್ತಿನ ಧ್ವನಿಮುದ್ರಣಗಳೂ ಇದ್ದವು. ಗಣತಿಯ ನಿಯಮದಂತೆ ಪ್ರತಿ ಜಾಗಕ್ಕೆ ಕನಿಷ್ಠ ಎರಡು ಭೇಟಿ, ನಡುವೆ ವಾರಕ್ಕೆ ಕಡಿಮೆಯಿಲ್ಲದ ಅಂತರ. ಮೊದಲ ಭೇಟಿಯಲ್ಲಿ ಶಾಲೆಯ ಹಿಂದೆ ಒಂದು ಗಂಡು ಕೂಗಿತ್ತು, ಈಗಲೂ ಅಲ್ಲೇ ಒಂದು ಗಂಡು ಕೂಗಿದೆ. ನಕ್ಷೆಯ ಮೇಲೆ ಎರಡು ಗುರುತುಗಳೂ ಒಂದರ ಮೇಲೊಂದು. ನಿಯಮದ ಪ್ರಕಾರ ಅದೇ ಹಕ್ಕಿ; ಲೆಕ್ಕ ಒಂದು. ಆಕೆ ಎರಡು ಕೂಗುಗಳ ಮಿಡಿತದ ಅಂತರಗಳನ್ನು ಅಕ್ಕಪಕ್ಕ ಇಟ್ಟಳು. ಹಳೆಯದರಲ್ಲಿ ಮೊದಲಲ್ಲೇ ಒಂದು ಎಡವು, ಆಮೇಲೆ ನೇರ ಓಟ. ಹೊಸದರಲ್ಲಿ ಎಡವೇ ಇಲ್ಲ. ಇನ್ನೊಂದು ಕೂಗು ತೆಗೆದಳು, ಮತ್ತೊಂದು, ಮಗದೊಂದು. ಹಳೆಯವನು ಪ್ರತಿಸಲವೂ ಎಡವಿದ, ಹೊಸಬ ಒಮ್ಮೆಯೂ ಎಡವಲಿಲ್ಲ.

"ಬದಲಿ ಹಾಜರಿ," ಎಂದು ಅಪ್ಪ ತೀರ್ಪು ಕೊಟ್ಟ. ಹಳೆಯವನಿಗೆ 'ಎಡವುವವನು' ಎಂದೂ ಹೊಸಬನಿಗೆ 'ಬದಲಿ' ಎಂದೂ ಹೆಸರು ಬಿತ್ತು.

ಹಾಗಾದರೆ ಎಡವುವವನು ಎಲ್ಲಿ ಹೋದ? ಹೊಲ ಬದಲಿಸಿರಬಹುದು. ಸತ್ತಿರಬಹುದು, ಈ ಹಕ್ಕಿಗಳಿಗೆ ಆಯಸ್ಸು ಕಡಿಮೆ, ಮುಂದಿನ ವರ್ಷ ವಾಪಸಾಗುವ ದೊಡ್ಡವುಗಳು ಕೆಲವೇ. ಅಥವಾ ಅದೇ ಜೌಗಿನಲ್ಲಿ ಬಾಯಿ ಮುಚ್ಚಿಕೊಂಡು ಇರಬಹುದು. ಈ ಕೊನೆಯ ಸಾಧ್ಯತೆ ಊಹೆಯಲ್ಲ. ಗ್ಲೆನ್ ಟೈಲರ್ ಮತ್ತು ರೀಸ್ ಗ್ರೀನ್ ರೇಡಿಯೊ ಪಟ್ಟಿ ಕಟ್ಟಿದ ಗಂಡುಗಳನ್ನು ಹಿಂಬಾಲಿಸಿ 1996ರಲ್ಲಿ ಹೇಳಿದ್ದು ಇದನ್ನೇ: ಜೊತೆಗಾತಿ ಸಿಕ್ಕಿದ ದಿನಗಳಲ್ಲಿ ಗಂಡಿನ ರಾತ್ರಿ ಕೂಗು ತಗ್ಗುತ್ತದೆ. ಅವಳು ಮೊಟ್ಟೆಯಿಡಲು ಶುರುಮಾಡಿದ ಮೇಲೆ ಅವನು ಕಾಲು ಕಿತ್ತು ಇನ್ನೊಂದು ಹೆಣ್ಣಿಗಾಗಿ ಮತ್ತೆ ಕೂಗುತ್ತಾನೆ. ಅಂದರೆ ಸಂಸಾರ ಕೂಡಿಬಂದವನೇ ಗಣತಿಯ ಕಿವಿಯಿಂದ ತಪ್ಪಿಸಿಕೊಳ್ಳುತ್ತಾನೆ. ಸಂತತಿ ಉಳಿಸುವ ಹಕ್ಕಿಯನ್ನು ಬಿಟ್ಟು ಒಂಟಿಗಳನ್ನೇ ಎಣಿಸುವ ಅಪಾಯವಿರುವ ಗಣತಿ ಇದು. ನನಗಂತೂ ಈ ಪ್ರಯಾಣದಲ್ಲಿ ಕೇಳಿದ ಸಂಗತಿಗಳಲ್ಲೆಲ್ಲ ಹೆಚ್ಚು ಕೊರೆದದ್ದು ಇದೇ.

ಶನಿವಾರ

ಹಗಲಿಡೀ ಗಾಳಿ. ಗಾಳಿಯಿದ್ದರೆ ಕೂಗು ಹಾರಿಹೋಗುತ್ತದೆ, ಮೈಕಿನಲ್ಲಿ ಬುಸುಗುಟ್ಟುವ ಸದ್ದಷ್ಟೇ ಉಳಿಯುತ್ತದೆ. ಕೂಗಿನಿಂದ ವ್ಯಕ್ತಿ ಗುರುತಿಸುವ ವಿಧಾನ ಗಣತಿಯಲ್ಲಿ ಎಲ್ಲೆಡೆ ರೂಢಿಯಾಗದಿರಲು ಇದೂ ಒಂದು ಕಾರಣ. ಹಕ್ಕಿ ಇದೆ ಎಂದು ಗುರುತು ಹಾಕಲು ದೂರದ ಗರಗರ ಸಾಕು. ಯಾರೆಂದು ಹೇಳಲು ಹತ್ತಿರದ, ಶುದ್ಧ ಧ್ವನಿಮುದ್ರಣ ಬೇಕು. ಪ್ರತಿ ಹಕ್ಕಿಗೆ ಅರ್ಧ ಗಂಟೆ ಕೊಟ್ಟರೆ ಚಿಕ್ಕ ಬೇಸಗೆಯ ರಾತ್ರಿಯಲ್ಲಿ ಎಷ್ಟು ದಾರಿ ಸಾಗೀತು?

ಹಗಲು ಖಾಲಿಯಿತ್ತು. ಉತ್ತರ ತೀರದಲ್ಲಿ ಹಿಮಯುಗ ಹೊತ್ತು ತಂದು ಬಿಟ್ಟುಹೋದ ಒಂಟಿ ಬಂಡೆಯಿದೆ. ಹೊಡೆದರೆ ಲೋಹದಂತೆ ನಾದ ಕೊಡುತ್ತದೆ. ಮೈತುಂಬ ಹಿಂದಿನವರು ಕೊರೆದ ಬಟ್ಟಲಿನಂಥ ಗುಳಿಗಳು. ಅದು ಒಡೆದರೆ ದ್ವೀಪ ಮುಳುಗುತ್ತದೆಂಬ ನಂಬಿಕೆಯಿದೆ. ಅಪ್ಪ ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿ, ಏನೂ ಕೇಳಿಸದೆ, ಮುಳುಗಿಸುವ ಸಾಹಸ ಬೇಡವೆಂದು ಬಿಟ್ಟ.

ನಮ್ಮ ಮನೆಯೊಡತಿಯ ಭಾವ ಕ್ರಾಫ್ಟರ್, ಅಂದರೆ ಚಿಕ್ಕ ಹಿಡುವಳಿಯ ರೈತ. ಸಂಜೆ ಅವನ ಹುಲ್ಲಿನ ಹೊಲದ ಬೇಲಿಗೆ ಒರಗಿ ಮಾತಾಡಿದೆವು. 1886ರಲ್ಲಿ ಈ ದ್ವೀಪದ ರೈತರು ಜಮೀನಿಗಾಗಿ ಎದ್ದು ನಿಂತಾಗ ಸರ್ಕಾರ ನೌಕಾಸೈನಿಕರನ್ನು ಇಳಿಸಿತ್ತಂತೆ. ಅದೇ ವರ್ಷ ಬಂದ ಕ್ರಾಫ್ಟರ್ ಕಾಯ್ದೆ ಇವರಿಗೆ ಒಕ್ಕಲೆಬ್ಬಿಸುವುದರಿಂದ ರಕ್ಷಣೆ ಕೊಟ್ಟಿತು. ಅಪ್ಪ ತಟ್ಟನೆ 1951ರ ಕಾಗೋಡು ಸತ್ಯಾಗ್ರಹದ ಮಾತು ತೆಗೆದ; ಕಾಗೋಡು ನಮ್ಮ ತಾಲ್ಲೂಕಿನದೇ. ಗೇಣಿದಾರರು ಕೊಳಗದ ಅಳತೆಯ ಅನ್ಯಾಯದ ವಿರುದ್ಧ ನಿಂತ ಕತೆಯನ್ನು ನಾನು ತುಂಡುತುಂಡಾಗಿ ಇಂಗ್ಲಿಷಿಗೆ ತಂದೆ. ಆ ರೈತ ತಲೆಯಾಡಿಸುತ್ತ ಕೇಳಿದ. ಬೇರೆಡೆಯ ಹೊಲಗಳು ದೊಡ್ಡ ಯಂತ್ರಕ್ಕೆ ಒಪ್ಪಿದ ಮೇಲೂ ಹಕ್ಕಿ ಇಲ್ಲಿ ಉಳಿದದ್ದರಲ್ಲಿ ಈ ಚಿಕ್ಕ ಹಿಡುವಳಿಗಳ ಪಾಲು ದೊಡ್ಡದು. ಇಲ್ಲಿ ಹುಲ್ಲು ಕೊಯ್ಯುವುದು ತಡ, ತುಂಡು ಚಿಕ್ಕದು, ಮೂಲೆಗಳಲ್ಲಿ ಜೌಗು ಹಾಗೇ ಇದೆ.

ಒಂದು ಕಾಲಕ್ಕೆ ಬ್ರಿಟನ್ನಿನ ತುಂಬ ಇದ್ದ ಹಕ್ಕಿ ಇದು. ಸಿ. ಎ. ನಾರಿಸ್ 1938–39ರಲ್ಲಿ ದೇಶವ್ಯಾಪಿ ವಿಚಾರಣೆ ನಡೆಸಿ, ಹುಲ್ಲು ಕೊಯ್ಯುವ ಯಂತ್ರ ಬಂದದ್ದಕ್ಕೂ ಹಕ್ಕಿ ಹೋದದ್ದಕ್ಕೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. ಯಂತ್ರ ಹೊಲದ ಅಂಚಿನಿಂದ ಒಳಗೆ ಸುತ್ತುತ್ತ ಹೋದಂತೆ ತಾಯಿ ಮರಿ ಎಲ್ಲ ನಡುವೆ ಉಳಿದ ಹುಲ್ಲಿಗೆ ಸರಿಯುತ್ತವೆ. ಕೊನೆಯ ಸುತ್ತಿಗೆ ಅಲ್ಲೇ ಸಿಕ್ಕಿಬೀಳುತ್ತವೆ. ಕರಿ ಮರಿಗಳು ಬೇಗ ಗೂಡು ಬಿಟ್ಟರೂ ಹಾರಲು ಐದು ವಾರ ಬೇಕು. ಪರಿಹಾರ ಕಷ್ಟದ್ದಲ್ಲ: ನಡುವಿನಿಂದ ಶುರುಮಾಡಿ ಅಂಚಿನ ಕಡೆ ಕೊಯ್ಯುವುದು, ಅದೂ ಆಗಸ್ಟ್ ಬಂದ ಮೇಲೆ. ಹಾಗೆ ಕಾಯುವ ರೈತನಿಗೆ ಸಹಾಯಧನ ಸಿಗುತ್ತದೆ. "ಹಕ್ಕಿಗೆ ಹಣ ಕೊಡುವುದಲ್ಲ, ನಾನು ಕಾಯುವ ವಾರಗಳಿಗೆ ಕೊಡುವುದು" ಎಂದ ಆ ರೈತ. ತಡವಾದಷ್ಟೂ ಹುಲ್ಲಿನ ಸತ್ವ ಇಳಿಯುತ್ತದೆ, ಮಳೆ ಹಿಡಿದರೆ ಎಲ್ಲ ಹಾಳು. ಅಪ್ಪನಿಗೆ ಆ ಮಾತಿಗೆ ಅನುವಾದ ಬೇಕಾಗಲಿಲ್ಲ.

ಎಣಿಕೆಯ ಮಹತ್ವ ನಿಂತಿರುವುದೂ ಇಲ್ಲಿಯೇ. ಯಾವ ಹೊಲದಲ್ಲಿ ಕೂಗಿತ್ತು ಎಂಬುದರ ಮೇಲೆ ಯಾವ ಹೊಲ ಕಾಯಬೇಕು ಎಂಬುದು ತೀರ್ಮಾನವಾಗುತ್ತದೆ. 1993ರ ಗಣತಿಯಲ್ಲಿ ಬ್ರಿಟನ್ನಿನಲ್ಲಿ ಸಿಕ್ಕಿದ್ದು ಸುಮಾರು 480 ಕೂಗುವ ಗಂಡುಗಳು. ರೈತರು ಕೈಜೋಡಿಸಿದ ಮೇಲೆ ಏರುತ್ತ 2014ರ ಹೊತ್ತಿಗೆ 1,200 ದಾಟಿತು. ಅಲ್ಲಿಂದ ಮತ್ತೆ ಸಾವಿರದ ಕೆಳಕ್ಕೆ ಇಳಿಯಿತು.

ಗಾಳಿ ರಾತ್ರಿ ಒಂದರ ಹೊತ್ತಿಗೆ ಏಕಾಏಕಿ ನಿಂತಿತು. ಎದ್ದೆವೋ ಬಿದ್ದೆವೋ ಎಂದು ಹೊರಟೆವು. ಶಾಲೆಯ ಹಿಂದೆ ಬದಲಿ ಕೂಗುತ್ತಿದ್ದ. ಕೆಂಪು ಟ್ರ್ಯಾಕ್ಟರಿನ ಹೊಲದಲ್ಲೂ ಒಬ್ಬ. ಅಲ್ಲಿಂದ ದಿಬ್ಬ ದಾಟಿ ಸಮುದ್ರದ ಕಡೆಯ ಮುರುಕು ದೋಣಿಯ ಬಳಿ, ಮೊದಲ ಸುತ್ತಿನಲ್ಲಿ ಏನೂ ಕೇಳಿಸದಿದ್ದ ತುರಿಕೆ ಗಿಡಗಳ ಮೂಲೆಯಲ್ಲಿ, ಒಂದು ಹೊಸ ಕೂಗು. ಗೆಳತಿ ನಕ್ಷೆಯಲ್ಲಿ ಗುರುತು ಹಾಕಿದಳು: ಹೊಸ ಹಕ್ಕಿ. ಮೇಲೆ ಆಕಾಶದಲ್ಲಿ ಸ್ನೈಪ್ ಹಕ್ಕಿಯೊಂದು ಬಾಲದ ಗರಿಗಳಿಂದ ಗುಂಯ್‌ಗುಡುತ್ತ ಧುಮುಕುತ್ತಿತ್ತು. ಧ್ವನಿಮುದ್ರಣದ ತುಂಬ ಅದರದೇ ಹಾವಳಿ. ಅದನ್ನು ಬೈಯುವುದಕ್ಕೆ ಅಪ್ಪ ನಮ್ಮೂರಿನ ಬೈಗುಳವನ್ನೇ ಬಳಸಿದ.

ಭಾನುವಾರ

ಟೈರೀಯಲ್ಲಿ ಭಾನುವಾರ ಊರೇ ಮೆಲ್ಲಗಾಗುತ್ತದೆ. ನಾವು ಅಡುಗೆಮನೆಯ ಮೇಜಿನ ಸುತ್ತ ಕುಳಿತೆವು.

ಮುರುಕು ದೋಣಿಯ ಹಕ್ಕಿಯ ಮಿಡಿತಗಳನ್ನು ಪರದೆಗೆ ತಂದಾಗ ಮೊದಲು ಕಂಡುಹಿಡಿದದ್ದು ಅಪ್ಪ. "ಎಡವಿದ ನೋಡು!" ಗೆಳತಿ ಅಳತೆಗಳನ್ನು ಹೋಲಿಸಿದಳು, ಅವಸರ ಮಾಡದೆ, ಸ್ನೈಪ್‌ನ ಗುಂಯ್‌ಗಾಟ ಇಲ್ಲದ ಕೂಗುಗಳನ್ನೇ ಆರಿಸಿ. ಹೊಂದುತ್ತಿದ್ದವು. ಶಾಲೆಯ ಹಿಂದಿನಿಂದ ಮಾಯವಾಗಿದ್ದವನು ದಿಬ್ಬದಾಚೆಗೆ ಬಿಡಾರ ಬದಲಿಸಿದ್ದ.

ಈಗ ಲೆಕ್ಕ ನೋಡಿ. ನಿಯಮದ ಪ್ರಕಾರ ಶಾಲೆಯ ಹಿಂದೆ ಎರಡೂ ಸುತ್ತಿನಲ್ಲಿ ಒಂದೇ ಹಕ್ಕಿ, ಮುರುಕು ದೋಣಿಯಲ್ಲಿ ಎರಡನೇ ಸುತ್ತಿಗೆ ಬಂದ ಹೊಸ ಹಕ್ಕಿ, ಒಟ್ಟು ಎರಡು. ದನಿಯ ಪ್ರಕಾರ ಶಾಲೆಯ ಹಿಂದೆ ಬೇರೆ ಬೇರೆ ಇಬ್ಬರು, ಮುರುಕು ದೋಣಿಯಲ್ಲಿ ಅವರಲ್ಲೇ ಒಬ್ಬ, ಒಟ್ಟು ಎರಡು. ಇಬ್ಬರನ್ನು ಒಬ್ಬ ಎಂದದ್ದು, ಒಬ್ಬನನ್ನು ಇಬ್ಬರು ಎಂದದ್ದು ಒಂದನ್ನೊಂದು ಹೊಡೆದು ಹಾಕಿದ್ದವು.

"ಉತ್ತರ ಸರಿ, ಹೆಜ್ಜೆ ತಪ್ಪು," ಎಂದ ಅಪ್ಪ. "ನಾನಾಗಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ."

ಆ ಅರ್ಧ ಅಂಕದ ಬಗ್ಗೆ ಚರ್ಚೆ ಬಹಳ ಹೊತ್ತು ನಡೆಯಿತು. ತಪ್ಪುಗಳು ಹೀಗೆ ಸದಾ ಹೊಡೆದುಕೊಂಡು ಹೋಗುತ್ತವೆಂದಾದರೆ ಮೈಕು, ಲ್ಯಾಪ್‌ಟಾಪು ಎಲ್ಲ ಯಾಕೆ? ಹಾಗೆ ಹೋಗುವುದಿಲ್ಲ ಎಂಬುದಕ್ಕೆ ಸಾಕ್ಷಿ 2001ರಲ್ಲೇ ಬಂದಿದೆ. ಪೀಕ್ ಮತ್ತು ಮೆಕ್‌ಗ್ರೆಗರ್ ತಮ್ಮ ಅಧ್ಯಯನದ ಜಾಗದಲ್ಲಿ ದನಿಯ ಗುರುತನ್ನು ಲೆಕ್ಕಕ್ಕೆ ಸೇರಿಸಿದಾಗ ಗಂಡುಗಳ ಅಂದಾಜು ಶೇಕಡಾ 20ರಿಂದ 30ರಷ್ಟು ಮೇಲೇರಿತು. ಗಂಡುಗಳು ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಕಡಿಮೆ ಕೂಗುತ್ತಿದ್ದವು. ಒಂದು ರಾತ್ರಿ ಒಬ್ಬ, ಇನ್ನೊಂದು ರಾತ್ರಿ ಅದೇ ಹೊಲದಲ್ಲಿ ಮತ್ತೊಬ್ಬ. ಬರಿಗಿವಿಗೆ ಇಬ್ಬರೂ ಒಬ್ಬನೇ. ಹೊಲ ಬದಲಿಸಿದವರಿಂದ ಸಂಖ್ಯೆ ಉಬ್ಬುತ್ತದೆ, ಬಾಯಿ ಮುಚ್ಚಿದವರಿಂದ ಕುಗ್ಗುತ್ತದೆ. ಅಲ್ಲಿ ಕುಗ್ಗಿದ್ದು ಉಬ್ಬಿದ್ದನ್ನು ಮೀರಿತ್ತು.

ಕೆಂಪು ಟ್ರ್ಯಾಕ್ಟರಿನ ಹೊಲದ ಫಲಿತಾಂಶ ಅದೇ ಮಾತನ್ನು ಹೇಳಿತು. ಮೊದಲ ಸುತ್ತಿನವನು ಬೇರೆ, ಶನಿವಾರದವನು ಬೇರೆ. ಮೊದಲಿನವನ ದನಿ ಈ ಸಲ ನಾವು ಸುತ್ತಿದ ಯಾವ ಹೊಲದಲ್ಲೂ ಸಿಗಲಿಲ್ಲ. ಅವನನ್ನು ಲೆಕ್ಕಕ್ಕೆ ಹಿಡಿಯಬೇಕೇ? ಹೆಣ್ಣಿನ ಜೊತೆ ಮೌನವಾಗಿದ್ದರೆ ಹಿಡಿಯಬೇಕು. ದ್ವೀಪವನ್ನೇ ಬಿಟ್ಟು ಕಾಲ್ ಕಡೆಗೆ ಹಾರಿದ್ದರೆ ಅಲ್ಲಿಯ ಗಣತಿಯವರು ಅವನನ್ನು ಹಿಡಿದಿರುತ್ತಾರೆ. ನಾವೂ ಹಿಡಿದರೆ ಎರಡು ಸಲವಾಯಿತು. ಕಾಲ್ ದ್ವೀಪದ ಹೊಲಗಳಲ್ಲೂ ಯಾರಾದರೂ ಇಷ್ಟೇ ಶ್ರದ್ಧೆಯಿಂದ ಧ್ವನಿಮುದ್ರಿಸಿದ್ದರೆ ಮಾತ್ರ ಉತ್ತರ ಸಿಕ್ಕೀತು. ದನಿಯಿಂದ ಗುರುತಿಸುವ ಕೆಲಸದ ಕಷ್ಟವೇ ಇದು. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಮೊದಲೇ ಗೊತ್ತಿರುವ ಮೇಷ್ಟರ ಸೌಕರ್ಯ ಇಲ್ಲಿಲ್ಲ. ಪಟ್ಟಿಯೇ ಇಲ್ಲದೆ ಹಾಜರಿ ಹಿಡಿಯಬೇಕು. ಹೊಸ ದನಿ ಕೇಳಿದಾಗಲೆಲ್ಲ ಇದು ನಿಜಕ್ಕೂ ಹೊಸದೋ, ಹಳೆಯದರದೇ ಕೆಟ್ಟ ಧ್ವನಿಮುದ್ರಣವೋ ಎಂದು ತೀರ್ಮಾನಿಸಬೇಕು.

ಇಂಗ್ಲೆಂಡಿನ ಜೊಂಡಿನ ಜೌಗುಗಳಲ್ಲಿ ಬಿಟರ್ನ್ ಎಂಬ ಬಕದ ಜಾತಿಯ ಹಕ್ಕಿಯನ್ನು ಇದೇ ರೀತಿ ಗುರುತಿಸಿದ್ದು ಇದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ. ಅದರದು ಖಾಲಿ ಹಂಡೆಯ ಬಾಯಿಗೆ ಊದಿದಂಥ ಆಳವಾದ ದನಿ. ಅಲ್ಲಿ ಕೆಲಸ ಸುಲಭವಾದದ್ದಕ್ಕೆ ಸಂತೋಷಪಡುವಂಥ ಕಾರಣವೇನೂ ಇರಲಿಲ್ಲ: 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಕೂಗುವ ಗಂಡು ಬಿಟರ್ನ್‌ಗಳು ಉಳಿದದ್ದೇ 11. ಅಷ್ಟು ಕಡಿಮೆಯಿದ್ದಾಗ ಒಂದನ್ನು ಎರಡೆಂದು ಎಣಿಸುವುದು ಸಣ್ಣ ಸಂಗತಿಯಲ್ಲ. ಅಲ್ಲಿಂದೀಚೆಗೆ ಜೊಂಡು ಬೆಳೆಸಿ ಅವುಗಳನ್ನು ಇನ್ನೂರರ ಮೇಲಕ್ಕೆ ತಂದಿದ್ದಾರೆ. ಹಕ್ಕಿ ಹೆಚ್ಚಿದಷ್ಟೂ ಒಬ್ಬೊಬ್ಬರನ್ನೇ ಗುರುತಿಡುವ ಕೆಲಸ ಕಷ್ಟವಾಗುತ್ತ ಹೋಗುವುದು ಈ ವಿಧಾನದ ತಮಾಷೆ.

ರಾತ್ರಿ ದ್ವೀಪದ ಪೂರ್ವದ ತುದಿ ಮಾತ್ರ ಬಾಕಿಯಿತ್ತು. ಹೋದೆವು, ಕೇಳಿದೆವು, ಬಂದೆವು. ಒಂದು ಕಡೆ ಇಬ್ಬರು ಗಂಡುಗಳು ರಸ್ತೆಯ ಆಚೀಚೆ ನಿಂತು ಒಬ್ಬರ ಮೇಲೊಬ್ಬರು ಪೈಪೋಟಿಗೆ ಕೂಗುತ್ತಿದ್ದರು. ಅಂಥ ಕಡೆ ಮೈಕು ಬೇಕಿಲ್ಲ. ಎರಡು ಬಾಯಿ ಒಟ್ಟಿಗೆ ಕೂಗಿದರೆ ಎರಡು ಹಕ್ಕಿ. ಅಪ್ಪ ಕಾರಿನಲ್ಲಿ ಕೂತೇ ನಿದ್ದೆ ಹೋಗಿದ್ದ.

ಸೋಮವಾರ

ಹಡಗಿನ ಊಟದ ಕೋಣೆಯಲ್ಲಿ ಗೆಳತಿ ನಕ್ಷೆಗಳನ್ನು ಹರಡಿ ಕೊನೆಯ ಲೆಕ್ಕ ಬರೆದಳು. ನಾವು ಸುತ್ತಿದ ಭಾಗಕ್ಕೆ ದನಿಯ ಲೆಕ್ಕ ನಿಯಮದ ಲೆಕ್ಕಕ್ಕಿಂತ ಒಂದು ಹೆಚ್ಚು. ಗಣತಿಯ ನಮೂನೆಯಲ್ಲಿ ಆಕೆ ತುಂಬಿದ್ದು ನಿಯಮದ ಲೆಕ್ಕ.

ಅಪ್ಪನಿಗೆ ಇದು ಸಹಿಸಲಿಲ್ಲ. "ಸರಿಯಾದದ್ದು ಕೈಯಲ್ಲಿರುವಾಗ ತಪ್ಪನ್ನು ಯಾಕೆ ಬರೆಯಬೇಕು ಎಂದು ಕೇಳು."

ಕೇಳಿದೆ. ಆಕೆ ಪೆನ್ನು ಕೆಳಗಿಟ್ಟು ಸಾವಧಾನವಾಗಿ ಹೇಳಿದಳು. 1993ರಲ್ಲಿ ಎಣಿಸಿದವರ ಬಳಿ ಕಿವಿ ಮತ್ತು ಕಾಲು ಮಾತ್ರ ಇದ್ದವು. ಈ ವರ್ಷ ಇವಳೊಬ್ಬಳು ಮೈಕಿನಿಂದ ಎಣಿಸಿ ಹೆಚ್ಚು ಬರೆದರೆ, ಹಕ್ಕಿ ಹೆಚ್ಚಿತೋ ಕಿವಿ ಚುರುಕಾಯಿತೋ ಎಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ. ಏರಿತೇ ಇಳಿಯಿತೇ ಎಂದು ನೋಡಬೇಕಾದರೆ ಅಂದಿನ ಕೋಲಿನಿಂದಲೇ ಅಳೆಯಬೇಕು, ಕೋಲು ತುಸು ಡೊಂಕಾದರೂ ಸರಿ. ಆ ಡೊಂಕು ಎಷ್ಟು ಎಂದು ತಿಳಿಯಲು ದನಿಯ ಲೆಕ್ಕ. ಅದು ಬೇರೆ ವರದಿಗೆ ಹೋಗುತ್ತದೆ. ಕೂಗುವ ಅಭ್ಯಾಸವೇ ವರ್ಷದಿಂದ ವರ್ಷಕ್ಕೆ ಬದಲಾದರೆ, ಹೆಣ್ಣುಗಳು ಹೆಚ್ಚಿದ ವರ್ಷ ಗಂಡುಗಳು ಹೆಚ್ಚು ಮೌನವಾದರೆ, ಹಳೆಯ ಕೋಲು ಒಳ್ಳೆಯ ವರ್ಷವನ್ನೇ ಕೆಟ್ಟದೆಂದು ತೋರಿಸೀತು. ಆಗ ಎಚ್ಚರಿಸಲು ಯಾವುದಾದರೂ ಕೆಲವು ಹೊಲಗಳಲ್ಲಾದರೂ ಯಾರು ಕೂಗಿದರು ಎಂಬ ದಾಖಲೆ ಇರಬೇಕು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ. "ಹಾಗಾದರೆ ಎರಡೂ ಕಾಲಮ್ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇರಲಿ. ಬೇರೆ ವರದಿ ಎಂದರೆ ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಇಲಾಖೆಗಳ ಬುದ್ಧಿ ಎಲ್ಲ ಕಡೆ ಒಂದೇ." ಗೆಳತಿ ಅದನ್ನು ಬರೆದುಕೊಂಡಳು. ನಮೂನೆಯಲ್ಲಿ ಎರಡನೇ ಕಾಲಮಿಗೆ ಜಾಗವಿರಲಿಲ್ಲ. ಅಂಚಿನಲ್ಲಿ ಗೆರೆ ಎಳೆದು, ಕೆಂಪು ಟ್ರ್ಯಾಕ್ಟರಿನ ಹೊಲದ ಎದುರು ಪೆನ್ಸಿಲಿನಲ್ಲಿ '2' ಎಂದು ಬರೆದು, ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಆ ಚಿಹ್ನೆ ಅಗತ್ಯವೇ ಎಂದು ಓಬನ್ ಬರುವವರೆಗೂ ಅವರಿಬ್ಬರೂ ನನ್ನ ಮೂಲಕ ವಾದ ಮಾಡಿದರು.